ಆಟದ ಕುದುರೆಯೂ ಅದರ ಆರೈಕೆಯೂ

"ಕುದುರೆ ಕಂಡರೆ ಕಾಲುನೋವು" ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ನಡೆದೇ ಹೋಗಬಹುದಾದ ದಾರಿಯಲ್ಲಿ ಕುದುರೆಯೊಂದು ಕಣ್ಣಿಗೆ ಬಿದ್ದರೆ ಸಾಕು, ನಮ್ಮ ಕಾಲು ನೋಯತೊಡಗುತ್ತದೆ. ಆದರೆ ಕುದುರೆಯ ಕಾಲೂ ನೋಯುತ್ತದೆ ಎಂಬ ಮಾತು ಆ ಗಾದೆಯಲ್ಲಿಲ್ಲ. ಈ ಎರಡನೆಯ ಸಂಗತಿಯನ್ನು ನಮಗೆ ಮನಗಾಣಿಸಿದ್ದು ಒಂದು ವಿಡಿಯೋ ಆಟವೆಂದರೆ ವಾಚಕರು ನಗಬಹುದು. ನಕ್ಕರೂ ಚಿಂತೆಯಿಲ್ಲ, ಮುಂದೆ ಓದಬೇಕೆಂದು ವಿನಂತಿ.

ನಮ್ಮ ವಾಚನಾಲಯದ ಹಿರಿಯ ಸದಸ್ಯರು ಈಚೆಗೆ ಒಂದು ದೂರು ತಂದರು. ರವಿವಾರ ಬೆಳಿಗ್ಗೆ ಪತ್ರಿಕೆ ಓದಲು ಬರುತ್ತಿದ್ದ ತರುಣರಲ್ಲಿ ನಾಲ್ಕೈದು ಮಂದಿ ಕಾಣದಾಗಿದ್ದಾರೆ. ಹಿಂದಿನ ಚಾಳಿನ ಖೋಲಿಯೊಂದರಲ್ಲಿ ಕುಳಿತು ಟೀವಿಯ ತೆರೆಯ ಮೇಲೆ ಕುದುರೆ ಓಡಿಸುತ್ತಾರೆ. ಇದೇನು ಹುಚ್ಚೋ ವಿಚಾರಿಸಿಕೊಂಡು ಬಂದು ನಾಲ್ಕು ಮಾತು ಬರೆಯಿರಿ ಎಂದು ನಮಗೆ ಅಪ್ಪಣೆಯಾಯಿತು. ಗಿರಣಿಯಲ್ಲಿ ಹಾಜರಿ ಪುಸ್ತಕ ಬರೆಯುವ ನಮಗೆ ಇಂಥ ಯಂತ್ರಗಳ ಪರಿಚಯ ಅಷ್ಟಕ್ಕಷ್ಟೆ. ಆದರೂ ಹೋದೆವು. ಮೊದಲನೆಯ ವಾರ ನೋಡಿದೆವು, ಎರಡನೆಯ ವಾರ ಆಡಿದೆವು, ಆರನೆಯ ವಾರದ ಹೊತ್ತಿಗೆ ಬರೆಯಲು ಏನೋ ಇದೆ ಎನಿಸಿತು.

ಆಟ ಯಾವುದು?

ಆಟದ ಹೆಸರು ರೆಡ್ ಡೆಡ್ ರಿಡೆಂಪ್ಷನ್ 2. ರಾಕ್‌ಸ್ಟಾರ್ ಗೇಮ್ಸ್ ಎಂಬ ಸಂಸ್ಥೆಯವರು ಇದನ್ನು 2018ನೆಯ ಇಸವಿ ಅಕ್ಟೋಬರ್ 26ರಂದು ಪ್ಲೇಸ್ಟೇಷನ್ 4 ಮತ್ತು ಎಕ್ಸ್‌ಬಾಕ್ಸ್ ಒನ್ ಎಂಬ ಯಂತ್ರಗಳಿಗಾಗಿ ಹೊರತಂದರು. ಮರುವರ್ಷದ ನವೆಂಬರಿನಲ್ಲಿ ಕಂಪ್ಯೂಟರಿಗೂ ಬಂತು. ಕಥೆ ನಡೆಯುವುದು 1899ರ ಅಮೆರಿಕದಲ್ಲಿ. ಕಥಾನಾಯಕ ಆರ್ಥರ್ ಮಾರ್ಗನ್ ದರೋಡೆಕೋರರ ಗುಂಪಿಗೆ ಸೇರಿದವನು. ಆಟದ ಊರುಗಳೂ ಪ್ರಾಂತಗಳೂ ಕಲ್ಪಿತವಾದವು. ರೈಲು ಹಳಿಯಿಲ್ಲದ ಕಡೆಗೆಲ್ಲ ಕುದುರೆಯೇ ಗತಿ. ಹಾಗಾಗಿ ಆಟವಾಡುವವನು ಬಹುಪಾಲು ಹೊತ್ತನ್ನು ಕುದುರೆಯ ಬೆನ್ನಿನ ಮೇಲೆಯೇ ಕಳೆಯಬೇಕಾಗುತ್ತದೆ.

ಎರಡೂ ಕೈಯಲ್ಲಿ ಹಿಡಿಯುವ ಒಂದು ಸಾಧನವಿದೆ. ಅದರ ಮೇಲಿನ ಪುಟ್ಟ ಕಡ್ಡಿಯೇ ಲಗಾಮು, ಒಂದು ಗುಂಡಿಯೇ ಹಿಮ್ಮಡಿ. ಒತ್ತಿದರೆ ಓಡುತ್ತದೆ, ಬಿಟ್ಟರೆ ನಿಧಾನಿಸುತ್ತದೆ. ಇಷ್ಟೇ ಆಗಿದ್ದರೆ ಇದು ಸೈಕಲ್ ಹೊಡೆದಷ್ಟೇ ಸುಲಭವಾಗುತ್ತಿತ್ತು. ಹಾಗಿಲ್ಲ. ಇಲ್ಲಿನ ಕುದುರೆಗೆ ಹಸಿವಿದೆ, ದಣಿವಿದೆ, ಕೊಳೆಯಿದೆ, ಭಯವಿದೆ, ಕೊನೆಗೆ ಸಾವೂ ಇದೆ.

ಕೈಚಿಲ್ಲರೆಯೂ ಶಿಲ್ಕೂ

ತೆರೆಯ ಮೂಲೆಯಲ್ಲಿ ಕುದುರೆಗೆ ಸಂಬಂಧಪಟ್ಟ ಎರಡು ಗುಂಡನೆಯ ಗುರುತುಗಳು ಕಾಣುತ್ತವೆ. ಒಂದು ಆರೋಗ್ಯದ್ದು, ಇನ್ನೊಂದು ದಮ್ಮಿನದು. ಪ್ರತಿಯೊಂದಕ್ಕೂ ಹೊರಗೊಂದು ಬಳೆ, ಒಳಗೊಂದು ತಿರುಳು. ಇವುಗಳ ವ್ಯತ್ಯಾಸ ತಿಳಿಯಲು ನಮಗೆ ಎರಡು ವಾರ ಹಿಡಿಯಿತು. ಲೆಕ್ಕದ ಭಾಷೆಯಲ್ಲಿ ಹೇಳುವುದಾದರೆ ಹೊರಗಿನ ಬಳೆ ಕೈಯಲ್ಲಿರುವ ಚಿಲ್ಲರೆ, ಒಳಗಿನ ತಿರುಳು ಪಾಸ್‌ಬುಕ್ಕಿನ ಶಿಲ್ಕು. ಓಡಿಸಿದಾಗ ಚಿಲ್ಲರೆ ಖರ್ಚಾಗುತ್ತದೆ. ನಿಲ್ಲಿಸಿದರೆ ತಾನಾಗಿಯೇ ತುಂಬಿಕೊಳ್ಳುತ್ತದೆ. ಆದರೆ ಶಿಲ್ಕು ಕಡಿಮೆಯಾಗಿದ್ದರೆ ತುಂಬುವುದು ನಿಧಾನ. ಆ ಶಿಲ್ಕು ಮೇವಿನಿಂದಲೂ ವಿಶ್ರಾಂತಿಯಿಂದಲೂ ಹೆಚ್ಚುತ್ತದೆ. ತೀರ ಇಳಿದಾಗ ಗುರುತು ಕೆಂಪಾಗುತ್ತದೆ. ತಿಂಗಳ ಕೊನೆಯ ವಾರದಲ್ಲಿ ನಮ್ಮ ನಿಮ್ಮ ಸ್ಥಿತಿ ಹೇಗಿರುತ್ತದೆಯೋ ಹಾಗೆ.

ಮೇವೆಂದರೆ ಒಣಹುಲ್ಲು, ಗಜ್ಜರಿ, ಸೇಬು, ಓಟ್ಸ್ ಧಾನ್ಯದ ಬಿಲ್ಲೆ, ಸಕ್ಕರೆ ಗಡ್ಡೆ ಮುಂತಾದವು. ಇವನ್ನು ಅಂಗಡಿಯಲ್ಲಿ ಕೊಂಡು ಚೀಲದಲ್ಲಿಟ್ಟುಕೊಂಡಿರಬೇಕು. ಕೆಸರಿನಲ್ಲಿ ಓಡಿದ ಕುದುರೆಯ ಮೈಗೆ ಮಣ್ಣು ಮೆತ್ತಿಕೊಳ್ಳುತ್ತದೆ. ಇಳಿದು ಬ್ರಷ್ಷಿನಿಂದ ತಿಕ್ಕಬೇಕು, ಇಲ್ಲವೆ ನೀರಿಗೆ ಇಳಿಸಬೇಕು. ಕೊಳೆಯಾಗಿಯೇ ಬಿಟ್ಟರೆ ಶಿಲ್ಕು ಬೇಗ ಬೇಗ ಕರಗುತ್ತದೆ.

ಇವೆಲ್ಲಕ್ಕಿಂತ ಮುಖ್ಯವಾದದ್ದು ಸವಾರನಿಗೂ ಕುದುರೆಗೂ ನಡುವಿನ ನಂಟು. ಇದಕ್ಕೆ ನಾಲ್ಕು ಮೆಟ್ಟಿಲುಗಳಿವೆ. ಮೇವು ತಿನಿಸಿದರೆ, ಮೈ ತಿಕ್ಕಿದರೆ, ಕುತ್ತಿಗೆ ತಟ್ಟಿದರೆ, ಲಗಾಮು ಹಿಡಿದು ಜೊತೆಯಲ್ಲಿ ನಡೆಸಿದರೆ, ಅದರ ಮೇಲೆ ಕುಳಿತು ಸಂಚರಿಸಿದರೆ ನಂಟು ಸ್ವಲ್ಪ ಸ್ವಲ್ಪವಾಗಿ ಬೆಳೆಯುತ್ತದೆ. ಬೆಳೆದಂತೆ ಕುದುರೆಯ ಬಲವೂ ದಮ್ಮೂ ಹೆಚ್ಚುತ್ತವೆ. ದೂರದಿಂದ ಸಿಳ್ಳು ಹಾಕಿದರೂ ಬರುತ್ತದೆ. ಹಿಂಗಾಲಿನ ಮೇಲೆ ಎದ್ದು ನಿಲ್ಲುವಂಥ ಹೊಸ ವಿದ್ಯೆಗಳನ್ನು ತೋರಿಸುತ್ತದೆ. ಹಣಕೊಟ್ಟು ತಂದ ಉತ್ತಮ ಜಾತಿಯ ಹೊಸ ಕುದುರೆಯಾದರೂ ನಂಟು ಮೊದಲ ಮೆಟ್ಟಿಲಿನಿಂದಲೇ ಆರಂಭವಾಗಬೇಕು.

ಸವಾರಿಯ ಕ್ರಮ

ಹೊಸಬರು ಮಾಡುವ ಮೊದಲ ತಪ್ಪೆಂದರೆ ಓಟದ ಗುಂಡಿಯನ್ನು ಒಂದೇ ಸಮನೆ ಬಡಿಯುವುದು. ನಾವೂ ಹಾಗೆಯೇ ಬಡಿದೆವು. ಖೋಲಿಯ ಯಜಮಾನ, ಧಾರವಾಡದ ಕಡೆಯ ತರುಣ, ನಮ್ಮ ಕೈ ಹಿಡಿದು ನಿಲ್ಲಿಸಿ, "ಗೊರಸಿನ ಸಪ್ಪಳಾ ಕೇಳ್ರೀ, ಅದರ ತಾಳಕ್ಕ ಒತ್ರೀ" ಎಂದ. ಹಾಗೆ ತಾಳಕ್ಕೆ ಸರಿಯಾಗಿ ಒತ್ತಿದರೆ ನಾಗಾಲೋಟದಲ್ಲಿಯೂ ದಮ್ಮು ಕಡಿಮೆ ಖರ್ಚಾಗುತ್ತದೆ. ನಡುನಡುವೆ ಕುತ್ತಿಗೆ ತಟ್ಟಿದರೆ ಒಂದಿಷ್ಟು ದಮ್ಮು ಮರಳಿ ಬರುತ್ತದೆ.

ಹಾವು, ಕರಡಿ, ಗುಂಡಿನ ಸದ್ದು ಇವುಗಳಿಗೆ ಕುದುರೆ ಬೆದರುತ್ತದೆ. ಆಗ ಸಮಾಧಾನಪಡಿಸಬೇಕು. ಹಟದಿಂದ ಮುಂದೆ ನೂಕಿದರೆ ಸವಾರನನ್ನು ಕೆಡವಿ ಓಡಿಹೋಗುತ್ತದೆ. ಕಾಡುಕುದುರೆಯನ್ನು ಹಿಡಿಯುವಾಗಲಂತೂ ತಾಳ್ಮೆಯೇ ಬಂಡವಾಳ. ಕಾಲ್ನಡಿಗೆಯಲ್ಲಿ ನಿಧಾನವಾಗಿ ಹತ್ತಿರ ಹೋಗಿ, ಅದು ಕತ್ತೆತ್ತಿ ನೋಡಿದಾಗ ನಿಂತು, ಸಮಾಧಾನದ ಮಾತನಾಡಿ, ಮತ್ತೆರಡು ಹೆಜ್ಜೆ ಇಡಬೇಕು. ಹತ್ತಿದ ಮೇಲೆ ಅದು ಒಂದು ಕಡೆಗೆ ಕುಪ್ಪಳಿಸಿದರೆ ನಾವು ಇನ್ನೊಂದು ಕಡೆಗೆ ವಾಲಬೇಕು. ಹಿಮ ಬೀಳುವ ಬೆಟ್ಟಗಳ ನಡುವೆ ಇಸಬೆಲಾ ಎಂಬ ಸರೋವರವಿದೆ. ಅಲ್ಲಿ ಅರಬ್ಬಿ ಜಾತಿಯ ಬಿಳಿಯ ಕುದುರೆಯೊಂದಿದೆ. ಆಟದ ಅತ್ಯುತ್ತಮ ಕುದುರೆಗಳಲ್ಲಿ ಅದೂ ಒಂದು, ಆದರೆ ತುಂಬ ಪುಕ್ಕಲು. ಅವಸರ ಮಾಡಿ ಅದನ್ನು ಮೂರು ಸಲ ಕಳೆದುಕೊಂಡೆವು.

ನಮ್ಮಿಂದಾದ ತಪ್ಪು

ನಾಲ್ಕನೆಯ ರವಿವಾರ ನಡೆದದ್ದನ್ನು ಮುಚ್ಚಿಡದೆ ಹೇಳುತ್ತೇವೆ. ಅಷ್ಟರಲ್ಲಿ ಕಂದು ಬಣ್ಣದ ಸಾಧಾರಣ ಕುದುರೆಯೊಂದು ನಮಗೆ ಹೊಂದಿಕೊಂಡಿತ್ತು. ಆ ದಿನ ಊಟಕ್ಕೆ ಹೊತ್ತಾಗಿತ್ತು. ಮುಂದಿನ ಊರು ಮುಟ್ಟಿ ಆಟ ಮುಗಿಸೋಣವೆಂಬ ಆತುರ. ಆರೋಗ್ಯದ ಗುರುತು ಕೆಂಪಾದದ್ದನ್ನು ನೋಡಿಯೂ ನೋಡದವರಂತೆ ಇಳಿಜಾರಿನಲ್ಲಿ ನಾಗಾಲೋಟ ಬಿಟ್ಟೆವು. ಕುದುರೆ ಬಂಡೆಯ ಮೇಲಿನಿಂದ ಕೆಳಗುರುಳಿತು. ಬಿದ್ದ ಕುದುರೆಯನ್ನು ಎಬ್ಬಿಸಲು ಒಂದು ಔಷಧವಿದೆ. ಸ್ವಲ್ಪ ಹೊತ್ತಿನೊಳಗೆ ಕೊಟ್ಟರೆ ಬದುಕುತ್ತದೆ. ನಮ್ಮ ಚೀಲದಲ್ಲಿ ಅದಿರಲಿಲ್ಲ. ಹಿಂದಿನ ವಾರ ಅದಕ್ಕಿರಿಸಿದ್ದ ಹಣದಲ್ಲಿ ಕಥಾನಾಯಕನಿಗೆ ಒಂದು ಹೊಸ ಟೊಪ್ಪಿಗೆ ಕೊಂಡಿದ್ದೆವು.

ಈ ಆಟದಲ್ಲಿ ಸತ್ತ ಕುದುರೆ ಮರಳಿ ಬರುವುದಿಲ್ಲ. ಅದರ ಬೆನ್ನಿನಿಂದ ಜೀನು ಬಿಚ್ಚಿಕೊಂಡು, ಹೆಗಲ ಮೇಲೆ ಹೊತ್ತು, ಬೇರೊಂದು ಕುದುರೆ ಸಿಗುವವರೆಗೆ ನಡೆಯಬೇಕು. ಹಾಗೆ ನಡೆದೆವು. ಖೋಲಿಯಲ್ಲಿದ್ದ ತರುಣರು ಯಾರೂ ನಗಲಿಲ್ಲ. ಅದು ಬರೀ ಬೆಳಕಿನ ಚಿತ್ರವೆಂದು ನಮಗೆ ಗೊತ್ತು. ಆದರೂ ಆ ಮಧ್ಯಾಹ್ನ ಊಟ ಸೇರಲಿಲ್ಲ. ಅವಸರ ನಮ್ಮದು, ಬಿದ್ದದ್ದು ಅದು.

ನಿಜವಾದ ಕುದುರೆ

ನಮ್ಮ ವಾಚನಾಲಯಕ್ಕೆ ನಿತ್ಯವೂ ಬರುವ ಹಿರಿಯರೊಬ್ಬರ ತಂದೆ ಮೈಸೂರಿನಲ್ಲಿ ಟಾಂಗಾ ಹೊಡೆಯುತ್ತಿದ್ದವರು. ಐದನೆಯ ವಾರ ಅವರನ್ನೂ ಕರೆದುಕೊಂಡು ಹೋದೆವು. ಅವರು ಅರ್ಧ ಗಂಟೆ ಸುಮ್ಮನೆ ನೋಡಿ, "ಮೈ ತಿಕ್ಕಿದ್ದಾಯಿತು, ಸರಿ. ಗೊರಸು ನೋಡುವುದು ಯಾವಾಗ?" ಎಂದು ಕೇಳಿದರು. "ಈ ಆಟದಾಗ ಅದಿಲ್ಲರೀ, ಅಜ್ಜಾರ" ಎಂದ ಧಾರವಾಡದ ತರುಣ. "ಹಾಗಾದರೆ ಅರ್ಧ ಕೆಲಸ ಬಿಟ್ಟ ಹಾಗಾಯಿತಪ್ಪ" ಎಂದರು ಹಿರಿಯರು.

ಅವರ ಮಾತು ನಿಜ. ನಿಜವಾದ ಕುದುರೆಯ ಗೊರಸನ್ನು ದಿನವೂ ಎತ್ತಿ, ಒಳಗೆ ಸಿಕ್ಕಿದ ಕಲ್ಲು ಮಣ್ಣು ತೆಗೆಯಬೇಕು. ಗೊರಸು ನಮ್ಮ ಉಗುರಿನಂತೆ ಬೆಳೆಯುತ್ತಲೇ ಇರುವುದರಿಂದ ಸಾಮಾನ್ಯವಾಗಿ ಆರರಿಂದ ಎಂಟು ವಾರಗಳಿಗೊಮ್ಮೆ ಕತ್ತರಿಸಿ ಲಾಳ ಕಟ್ಟಿಸಬೇಕು. ದೊಡ್ಡ ಕುದುರೆ ದಿನಕ್ಕೆ ಸುಮಾರು 25ರಿಂದ 45 ಲೀಟರು ನೀರು ಕುಡಿಯುತ್ತದೆ. ಬೇಸಗೆಯಲ್ಲಿ ದುಡಿದರೆ ಇನ್ನೂ ಹೆಚ್ಚು. ಒಣಮೇವು ದೇಹತೂಕದ ನೂರಕ್ಕೆ ಒಂದೂವರೆಯಿಂದ ಎರಡರಷ್ಟು ಬೇಕು. ಅಂದರೆ 400 ಕಿಲೋ ತೂಕದ ಕುದುರೆಗೆ ಆರರಿಂದ ಎಂಟು ಕಿಲೋ. ಮೈ ಎಷ್ಟು ದೊಡ್ಡದಾದರೂ ಅದರ ಜಠರ ಚಿಕ್ಕದು. ಆದುದರಿಂದ ಸ್ವಲ್ಪ ಸ್ವಲ್ಪವಾಗಿ ದಿನವಿಡೀ ಮೇಯುವುದು ಅದರ ಧರ್ಮ. ತಿಂದದ್ದು ಒಗ್ಗದಿದ್ದರೆ ವಾಂತಿ ಮಾಡಿಕೊಳ್ಳಲು ಕುದುರೆಗೆ ಬರುವುದಿಲ್ಲ. ಹೀಗಾಗಿ ಹೊಟ್ಟೆಶೂಲೆ ಅದಕ್ಕೆ ಪ್ರಾಣಾಂತಕವಾಗಬಹುದು. ಆಟದಲ್ಲಿ ಒಂದರ ಹಿಂದೊಂದು ಹತ್ತು ಸೇಬು ತಿನಿಸಿದಂತೆ ಇಲ್ಲಿ ತಿನಿಸತಕ್ಕದ್ದಲ್ಲ.

ಹಿರಿಯರು ಇನ್ನೊಂದು ಸಂಗತಿ ಹೇಳಿದರು. ಅವರ ತಂದೆಯವರು ಸಂಜೆ ಗಾಡಿ ಬಿಚ್ಚಿದ ಮೇಲೆ ಬೆವರು ಆರುವವರೆಗೆ ಕುದುರೆಯನ್ನು ನಿಧಾನವಾಗಿ ನಡೆಸಿ, ಮೈ ಒರೆಸಿ, ಬೇಯಿಸಿದ ಹುರುಳಿ ಇಟ್ಟು, ಅದು ಬಾಯಾಡಿಸಲು ತೊಡಗಿದ ಮೇಲೆಯೇ ತಾವು ಕೈಕಾಲು ತೊಳೆಯುತ್ತಿದ್ದರಂತೆ. "ನಮಗೆ ಆ ಮೂಲೆಯ ಗುರುತೆಲ್ಲ ಇರಲಿಲ್ಲ. ಕಿವಿ ನೋಡಬೇಕು, ಕಾಲು ನೋಡಬೇಕು" ಎಂದರು.

ಆಟದ ಗುಣವೂ ಕೊರತೆಯೂ ಈ ಮಾತಿನಲ್ಲಿಯೇ ಇದೆಯೆಂದು ನಮಗೆ ತೋರುತ್ತದೆ. ದಾರಿ ನೋಡುವ ಮೊದಲು ಹೊತ್ತೊಯ್ಯುವ ಪ್ರಾಣಿಯನ್ನು ನೋಡು ಎಂದು ಆಟ ಕಲಿಸುತ್ತದೆ, ಅದು ಗುಣ. ಆದರೆ ಹಸಿವನ್ನೂ ದಣಿವನ್ನೂ ತಾನೇ ಗುರುತು ಹಾಕಿ ತೋರಿಸಿಬಿಡುತ್ತದೆ, ಅದು ಕೊರತೆ. ಮುಂಬಯಿಯ ಬೀದಿಗಳಲ್ಲಿ ಬಹುಕಾಲ ಓಡಿದ ವಿಕ್ಟೋರಿಯಾ ಗಾಡಿಗಳನ್ನು ನಿಲ್ಲಿಸಬೇಕೆಂದು 2015ರಲ್ಲಿ ಅಲ್ಲಿಯ ಉಚ್ಚ ನ್ಯಾಯಾಲಯ ತೀರ್ಪು ಕೊಟ್ಟಿತು. ಆ ಕುದುರೆಗಳ ದುಃಸ್ಥಿತಿಯ ದೂರು ನ್ಯಾಯಾಲಯದವರೆಗೆ ಹೋಗಿತ್ತು. ಅವುಗಳ ತಲೆಯ ಮೇಲೆ ಕೆಂಪು ಗುರುತು ಮೂಡಿದ್ದರೆ ಗಾಡಿ ಹತ್ತುವಾಗ ನಾವೆಲ್ಲ ಸ್ವಲ್ಪ ಹಿಂಜರಿಯುತ್ತಿದ್ದೆವೋ ಏನೋ.

ಆದುದರಿಂದ ಮಾಥೇರಾನಕ್ಕೋ ಬೇರೆ ಯಾವ ಗಿರಿಧಾಮಕ್ಕೋ ಹೋಗಿ ಕುದುರೆ ಹತ್ತುವ ವಾಚಕರು ಮೊದಲು ಒಂದು ನಿಮಿಷ ಅದರ ಮುಂದೆ ನಿಲ್ಲಬೇಕು. ಕಿವಿ ಮುಂದಕ್ಕಿದ್ದರೆ ಗಮನ ನಮ್ಮ ಮೇಲಿದೆ. ಹಿಂದಕ್ಕೆ ಒತ್ತಿಕೊಂಡಿದ್ದರೆ ಸಿಟ್ಟು ಅಥವಾ ನೋವು. ಹಿಂಗಾಲೊಂದನ್ನು ಸಡಿಲ ಬಿಟ್ಟು ನಿಂತರೆ ಅದು ವಿಶ್ರಾಂತಿ. ಮುಂಗಾಲನ್ನು ಮುಂದೆ ಚಾಚಿ ಅದರ ಮೇಲೆ ಭಾರ ಹಾಕದೆ ನಿಂತರೆ ನೋವಿನ ಸೂಚನೆ. ಬೆನ್ನಿನ ಮೇಲೆ, ಜೀನಿನ ಅಂಚಿನಲ್ಲಿ ಹುಣ್ಣಿದ್ದರೆ ಹತ್ತಬಾರದು. ಬೇಡವೆನ್ನಲು ನಾಚಿಕೆಪಡಬೇಕಾಗಿಲ್ಲ.

ಕೆಲವು ಎಚ್ಚರಿಕೆಗಳು

ಮೊದಲನೆಯದು ವಯಸ್ಸು. ನಾವು ಹೇಳಿದ ಆಟದಲ್ಲಿ ಕುದುರೆಯಷ್ಟೇ ಅಲ್ಲ, ಕೊಲೆ ದರೋಡೆಗಳೂ ಹೇರಳ. ಯುರೋಪಿನ ವರ್ಗೀಕರಣದಂತೆ ಇದು 18 ವರ್ಷ ಮೀರಿದವರಿಗೆ ಮಾತ್ರ. ಖೋಲಿಯ ಬಾಗಿಲಲ್ಲಿ ಇಣುಕುತ್ತಿದ್ದ ಇಬ್ಬರು ಶಾಲೆಯ ಹುಡುಗರನ್ನು ನಾವೇ ಮನೆಗೆ ಕಳುಹಿಸಿದೆವು. ಮಕ್ಕಳಿಗೆ ಕುದುರೆಯ ಆಟವೇ ಬೇಕಿದ್ದರೆ ಸ್ವೀಡನ್ನಿನಲ್ಲಿ ತಯಾರಾದ ಸ್ಟಾರ್ ಸ್ಟೇಬಲ್ ಎಂಬುದಿದೆ. ಯೋರ್ವಿಕ್ ಎಂಬ ಕಲ್ಪಿತ ದ್ವೀಪದಲ್ಲಿ ಸವಾರಿ ಮತ್ತು ಕುದುರೆಯ ಆರೈಕೆಯೇ ಅದರ ಮುಖ್ಯ ವಿಷಯ.

ಎರಡನೆಯದು ಹಣ. ನಮ್ಮ ಚಾಳಿನಲ್ಲಿ ಮಗುವೊಂದು ತಂದೆಯ ಫೋನಿನಲ್ಲಿ ಮತ್ತಾವುದೋ ಆಟವಾಡುತ್ತ, ಆಟದ ಕುದುರೆಗೆ ಚಂದದ ಜೀನು ಬೇಕೆಂದು ಗುಂಡಿ ಒತ್ತಿತು. ಆಟದ ಹಣವೆಂದು ಅದು ತಿಳಿದದ್ದು ನಿಜವಾದ ಸಂಬಳದ ಹಣವಾಗಿತ್ತು. ಮಗುವಿನ ತಪ್ಪಲ್ಲ, ಫೋನಿಗೆ ಹಣ ಪಾವತಿಯ ಗುಪ್ತಸಂಖ್ಯೆ ಹಾಕದೆ ಕೊಟ್ಟದ್ದು ದೊಡ್ಡವರ ತಪ್ಪು. ಮಗುವಿನ ಕೈಗೆ ಫೋನು ಕೊಡುವ ಮೊದಲು ಇದನ್ನು ಸರಿಪಡಿಸಿಕೊಳ್ಳಿರಿ.

ಮೂರನೆಯದು ಹೊತ್ತು. ರಾತ್ರಿ ಪಾಳಿ ಮುಗಿಸಿ ಬಂದವರು ನಿದ್ದೆಗೆಟ್ಟು ಆಡುವುದನ್ನು ಕಂಡಿದ್ದೇವೆ. ಆಟದ ಕುದುರೆಯ ಶಿಲ್ಕು ಕಾಯುತ್ತ ತಮ್ಮ ಶಿಲ್ಕು ಕರಗಿಸಿಕೊಳ್ಳಬಾರದು.

ನಮ್ಮ ತರುಣರು ರವಿವಾರ ಒಂದು ತಾಸು ಮಾತ್ರ ಆಡುವುದೆಂದೂ, ಹತ್ತು ಗಂಟೆಗೆ ವಾಚನಾಲಯಕ್ಕೆ ಬರುವುದೆಂದೂ ಒಪ್ಪಿದ್ದಾರೆ. ನಮಗೂ ಒಂದು ಬೂದುಬಣ್ಣದ ಹೊಸ ಕುದುರೆ ಸಿಕ್ಕಿದೆ. ನಂಟು ಇನ್ನೂ ಮೊದಲ ಮೆಟ್ಟಿಲಲ್ಲಿದೆ. ಚೀಲದಲ್ಲಿ ಔಷಧ ಎರಡಿವೆ. ಮುಂದಿನ ರವಿವಾರ ಬೆಳಿಗ್ಗೆ ಹತ್ತು ಗಂಟೆಗೆ ಮೈಸೂರಿನ ಹಿರಿಯರು ತಮ್ಮ ತಂದೆಯವರ ಟಾಂಗಾ ಮತ್ತು ಕುದುರೆಯ ವಿಷಯವಾಗಿ ವಾಚನಾಲಯದಲ್ಲಿ ಮಾತನಾಡಲು ಒಪ್ಪಿಕೊಂಡಿದ್ದಾರೆ. ಬಂಧುಗಳೆಲ್ಲರೂ ಮನೆಯ ಮಕ್ಕಳನ್ನು ಕರೆದುಕೊಂಡು ಬರಬೇಕಾಗಿ ವಿನಂತಿ.