ಕಲೆ ಮೈಮೇಲೆ, ನೋವು ಮನಸ್ಸಿಗೆ

ಮದುವೆ ಮನೆ. ಊಟಕ್ಕೆ ಪಂಕ್ತಿ ಕೂತಿದೆ. ಒಬ್ಬ ಹುಡುಗಿ ಬಡಿಸಲು ಪಲ್ಯದ ಪಾತ್ರೆ ಎತ್ತಿಕೊಳ್ಳುತ್ತಾಳೆ. ಅವಳ ಕೈಮೇಲೆ ಬಿಳಿ ಕಲೆ.

"ನೀ ಬ್ಯಾಡ ಬಿಡವ್ವಾ, ಬ್ಯಾರೆಯೋರು ಬಡಿಸ್ತಾರೆ" ಅನ್ನುತ್ತಾರೆ ಯಾರೋ.

ಹುಡುಗಿ ಪಾತ್ರೆ ಕೆಳಗಿಡುತ್ತಾಳೆ. ಅಂದಿನಿಂದ ಅವಳು ಯಾರ ಮದುವೆಗೂ ಹೋಗುವುದಿಲ್ಲ.

ಇಂಥ ಮಾತು ನಾವೂ ಕೇಳಿದ್ದೇವೆ. ಕೆಲವು ಸಲ ನಾವೇ ಆಡಿರುತ್ತೇವೆ, ಅಲ್ಲವೇ?

ತೊನ್ನು ಅಂದರೇನು?

ಈ ಬಿಳಿ ಕಲೆಗೆ ತೊನ್ನು ಅನ್ನುತ್ತಾರೆ. 100 ಜನರಲ್ಲಿ ಸುಮಾರು ಒಬ್ಬರಿಗೆ ಇದು ಇರುತ್ತದೆ. ನಮ್ಮ ಚರ್ಮದಲ್ಲಿ ಬಣ್ಣ ತಯಾರಿಸುವ ಜೀವಕಣಗಳಿವೆ. ರೋಗದ ಜೊತೆ ಹೋರಾಡುವ ಶಕ್ತಿಯೂ ನಮ್ಮ ಮೈಯಲ್ಲಿದೆ. ಕೆಲವರಲ್ಲಿ ಆ ಶಕ್ತಿಯೇ ದಾರಿ ತಪ್ಪಿ ಬಣ್ಣದ ಕಣಗಳನ್ನು ಕೊಲ್ಲುತ್ತದೆ. ಕಾವಲುಗಾರ ಮನೆಯವರನ್ನೇ ಕಳ್ಳರೆಂದು ಹೊಡೆದ ಹಾಗೆ. ಕಣ ಸತ್ತ ಕಡೆ ಚರ್ಮ ಬೆಳ್ಳಗಾಗುತ್ತದೆ.

ಇದು ಶಾಪ ಅಲ್ಲ. ನಾಗದೋಷ ಅಲ್ಲ. ಮೀನು ತಿಂದು ಹಾಲು ಕುಡಿದದ್ದಕ್ಕೆ ಬಂದದ್ದೂ ಅಲ್ಲ. ಮುಟ್ಟಿದರೆ ಅಂಟುವುದಿಲ್ಲ. ಜೊತೆಗೆ ಉಂಡರೆ ಅಂಟುವುದಿಲ್ಲ. ಒಂದೇ ಚಾಪೆಯಲ್ಲಿ ಮಲಗಿದರೂ ಅಂಟುವುದಿಲ್ಲ.

ಇದು ಕುಷ್ಠವೂ ಅಲ್ಲ. ಕುಷ್ಠದ ಮಚ್ಚೆಯಲ್ಲಿ ಮುಟ್ಟಿದ್ದು ಸರಿಯಾಗಿ ತಿಳಿಯುವುದಿಲ್ಲ. ತೊನ್ನಿನ ಕಲೆಯಲ್ಲಿ ತಿಳಿಯುತ್ತದೆ. ಕುಷ್ಠಕ್ಕೂ ಹೆದರಬೇಕಾಗಿಲ್ಲ. ಅದು ಔಷಧಿಯಿಂದ ವಾಸಿಯಾಗುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಆ ಔಷಧಿ ಉಚಿತ.

ನೋವು ಎಲ್ಲಿದೆ?

ತೊನ್ನಿನ ಕಲೆ ಸಾಮಾನ್ಯವಾಗಿ ನೋಯುವುದಿಲ್ಲ. ನೋಯುವುದು ಮನಸ್ಸು.

ಬಸ್ಸಿನಲ್ಲಿ ಜನ ದಿಟ್ಟಿಸಿ ನೋಡುತ್ತಾರೆ. ಹೆಣ್ಣು ನೋಡಲು ಬಂದವರು ಮತ್ತೆ ಸುದ್ದಿ ಕಳಿಸುವುದಿಲ್ಲ. "ಇವಳಿಂದ ತಂಗಿ ಮದುವೆಗೂ ಅಡ್ಡಿ" ಅಂತ ಮನೆಯವರೇ ಅನ್ನುತ್ತಾರೆ. ಆಗ ಬೇಸಿಗೆಯಲ್ಲೂ ಮೈತುಂಬ ಸೆರಗು. ಕನ್ನಡಿ ನೋಡಲು ಮನಸ್ಸಿಲ್ಲ. ನಿದ್ದೆ ಬಾರದು. ಊಟ ಸೇರದು. ಕೆಲವರಿಗೆ ಬದುಕೇ ಬೇಡ ಅನ್ನಿಸುತ್ತದೆ.

ಗಂಡಸರಿಗೂ ಹೀಗೇ ಆಗುತ್ತದೆ. ಅವರು ಹೇಳಿಕೊಳ್ಳುವುದಿಲ್ಲ, ಅಷ್ಟೆ.

ಇದು ಸೊಕ್ಕಲ್ಲ, ನಾಟಕವಲ್ಲ. ಮನಸ್ಸಿಗೂ ಕಾಯಿಲೆ ಆಗುತ್ತದೆ. ಅದಕ್ಕೂ ಚಿಕಿತ್ಸೆ ಇದೆ.

ಏನು ಮಾಡಬೇಕು?

ಚರ್ಮದ ವೈದ್ಯರನ್ನು ಕಾಣಿ. ಮುಲಾಮು ಇದೆ, ಬೆಳಕಿನ ಚಿಕಿತ್ಸೆ ಇದೆ. ಹಲವರಿಗೆ ಬಣ್ಣ ಮರಳುತ್ತದೆ. ಎಲ್ಲರಿಗೂ ಪೂರ್ತಿ ಮರಳುವುದಿಲ್ಲ. ತಿಂಗಳುಗಟ್ಟಲೆ ತಾಳ್ಮೆ ಬೇಕು. "ಎಂಟು ದಿನದಲ್ಲಿ ವಾಸಿ ಮಾಡ್ತೀನಿ" ಅನ್ನುವವರಿಗೆ ದುಡ್ಡು ಕೊಡಬೇಡಿ.

ವೈದ್ಯರಿಗೆ ಕಲೆ ತೋರಿಸಿದ ಹಾಗೆ ಮನಸ್ಸಿನ ಕಷ್ಟವನ್ನೂ ಹೇಳಿ. 2022ರಲ್ಲಿ ಸರ್ಕಾರ ಟೆಲಿ ಮಾನಸ್ ಎಂಬ ಸೇವೆ ಶುರು ಮಾಡಿತು. 14416 ನಂಬರಿಗೆ ಹಗಲಾಗಲಿ ರಾತ್ರಿಯಾಗಲಿ ಫೋನ್ ಮಾಡಬಹುದು. ಖರ್ಚಿಲ್ಲ. ಕನ್ನಡದಲ್ಲೇ ಮಾತಾಡಬಹುದು.

ಮನೆಯವರು, ನೆರೆಹೊರೆಯವರು ಮಾಡಬೇಕಾದ್ದೂ ಇದೆ. ಕಂಡಾಗಲೆಲ್ಲ ಕಲೆಯ ಮಾತು ಎತ್ತಬೇಡಿ. ಪಕ್ಕದಲ್ಲಿ ಕೂರಿ. ಅವರ ಕೈಯಿಂದ ನೀರು ಇಸಿದುಕೊಂಡು ಕುಡಿಯಿರಿ. ಹೇಳಿದ್ದನ್ನು ಕೇಳಿಸಿಕೊಳ್ಳಿ. ಬದುಕು ಬೇಡ ಅಂದವರನ್ನು ಒಂಟಿಯಾಗಿ ಬಿಡಬೇಡಿ.

ಮುಂದಿನ ಮದುವೆಗೆ ಆ ಹುಡುಗಿಯನ್ನು ನಾವೇ ಹೋಗಿ ಕರೆಯೋಣ. "ಬಾರವ್ವಾ, ಈ ಪಂಕ್ತಿಗೆ ನೀನೇ ಬಡಿಸು" ಅನ್ನೋಣ.

ಯೋಚಿಸಿ, ಮಾತಾಡಿ: ನಿಮ್ಮ ಊರಿನಲ್ಲಿ ತೊನ್ನು ಇರುವವರು ಯಾವ ಕೆಲಸಗಳಿಂದ ದೂರ ಉಳಿದಿದ್ದಾರೆ? ಅವರನ್ನು ದೂರ ಇಟ್ಟವರು ಯಾರು?