ಹೊಟ್ಟೆಗೆ ಹಾಕಿಕೊಳ್ಳುವ ಮಾತು

ಕಳೆದ ಯುಗಾದಿಯ ಕೂಟದಲ್ಲಿ ಬೇವುಬೆಲ್ಲ ಹಂಚುತ್ತಿದ್ದ ಹಿರಿಯರೊಬ್ಬರು ನನ್ನನ್ನು ಕೇಳಿದರು: "ಅಲ್ಲಪ್ಪಾ, ನಿಮ್ಮ ಕ್ರೈಸ್ತರಲ್ಲಿ ಎಲ್ಲದಕ್ಕೂ ಕ್ಷಮೆ, ಕ್ಷಮೆ ಅನ್ನುತ್ತೀರಲ್ಲ, ಅದು ಅಷ್ಟು ಸುಲಭವೇ?" ಬಾಯಲ್ಲಿ ಬೇವಿತ್ತು. ನಾನು ನಕ್ಕು ಸುಮ್ಮನಾದೆ. ಪಕ್ಕದಲ್ಲೇ ಇದ್ದ ಸಂಪಾದಕರು ಬಿಡಲಿಲ್ಲ. "ಉತ್ತರವನ್ನು ಬರೆದೇ ಕೊಡಿ, ನಮಗೂ ಒಂದು ಲೇಖನ ಆಗುತ್ತದೆ" ಎಂದರು. ನಾನು ಪಾದ್ರಿಯಲ್ಲ, ದೇವತಾಶಾಸ್ತ್ರ ಓದಿದವನೂ ಅಲ್ಲ. ರಸಾಯನಶಾಸ್ತ್ರದಲ್ಲಿ ಸಂಶೋಧನೆ ಮಾಡಿ ಹೊಟ್ಟೆ ಹೊರೆಯುವವನು. ಆದ್ದರಿಂದ ಇದನ್ನು ಉಪದೇಶವೆಂದು ಓದಬೇಡಿ. ಅಷ್ಟು ಸುಲಭವೇ ಎಂಬ ಪ್ರಶ್ನೆಗೆ ಮಾತ್ರ ಈಗಲೇ ಉತ್ತರ ಹೇಳಿಬಿಡುತ್ತೇನೆ: ಅಲ್ಲ.

ನಮ್ಮದು ಧಾರವಾಡದ ಕಡೆಯ ಮನೆತನ. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಮೂರು ವರ್ಷಗಳ ಮೇಲೆ ಧಾರವಾಡಕ್ಕೂ ಬಂದರು. ಕಿಟ್ಟೆಲರ ನಿಘಂಟು ಹೊರಬಂದದ್ದು 1894ರಲ್ಲಿ ಎಂಬುದನ್ನು ಈ ಪತ್ರಿಕೆಯ ಓದುಗರಿಗೆ ಹೇಳಬೇಕಾಗಿಲ್ಲ. ನಮ್ಮ ಮನೆಯಲ್ಲಿ ಬೈಬಲ್ಲಿನ ಪಕ್ಕದಲ್ಲೇ ಆ ನಿಘಂಟಿನ ಒಂದು ಹರಕು ಪ್ರತಿ ಇತ್ತು. ಸಂಜೆ ದೀಪ ಹಚ್ಚಿದ ಮೇಲೆ ಅಜ್ಜಿ ಎಲ್ಲರನ್ನೂ ಚಾಪೆಯ ಮೇಲೆ ಕೂರಿಸಿಕೊಂಡು ಒಂದು ಕೀರ್ತನೆ ಓದಿಸಿ, ಕೊನೆಗೆ ಕರ್ತನ ಪ್ರಾರ್ಥನೆ ಹೇಳಿಸುತ್ತಿದ್ದಳು. ಯೇಸು ತನ್ನ ಶಿಷ್ಯರಿಗೆ ಕಲಿಸಿಕೊಟ್ಟ ಪ್ರಾರ್ಥನೆ ಅದು. ಅದರ ನಡುವೆ ಒಂದು ಬೇಡಿಕೆ ಬರುತ್ತದೆ: ನಾವು ಇತರರನ್ನು ಕ್ಷಮಿಸಿದ ಹಾಗೆಯೇ ದೇವರು ನಮ್ಮನ್ನು ಕ್ಷಮಿಸಲಿ ಎಂದು. ಚಿಕ್ಕಂದಿನಲ್ಲಿ ಗಿಣಿಪಾಠದಂತೆ ಒಪ್ಪಿಸಿದ್ದೇ ಬಂತು. ಆ 'ಹಾಗೆಯೇ' ಎಂಬ ಪದ ಎಂಥ ಒಪ್ಪಂದದ ಪತ್ರ ಎಂದು ತಿಳಿದದ್ದು ಬಹಳ ತಡವಾಗಿ. ನನ್ನ ಅಳತೆಗೋಲನ್ನೇ ನನಗೂ ಹಿಡಿ ಎಂದು ದಿನಾ ಬೇಡಿಕೊಳ್ಳುತ್ತಿದ್ದೇನೆ ಎಂದಾಯಿತು!

ಅಜ್ಜಿಯ ಆಡುಮಾತಿನಲ್ಲಿ ಮಾತ್ರ 'ಕ್ಷಮೆ' ಎಂಬ ಪದ ಇರಲೇ ಇಲ್ಲ. ಹಾಲಿನವಳ ಜೊತೆ ಜಗಳವಾಡಿದರೆ ಮರುದಿನ ಬೆಳಿಗ್ಗೆ, "ತಪ್ಪಾತವಾ, ಹೊಟ್ಟ್ಯಾಗ ಹಾಕ್ಕೋ" ಎನ್ನುತ್ತಿದ್ದಳು. ಈ ಮಾತನ್ನು ಯೋಚಿಸಿದಷ್ಟೂ ನನಗೆ ಆಶ್ಚರ್ಯವಾಗುತ್ತದೆ. ಸಂಸ್ಕೃತದ ಕ್ಷಮೆಯಲ್ಲಿ ಸಹನೆ ಇದೆ, ಭೂಮಿಗೂ ಆ ಹೆಸರಿದೆ. ಕನ್ನಡದ 'ಮನ್ನಿಸು' ಎಂಬುದರಲ್ಲಿ ಗೌರವಿಸು ಎಂಬ ಅರ್ಥವೂ ಇದೆ. 'ಹೊಟ್ಟೆಗೆ ಹಾಕಿಕೋ' ಎಂಬುದರಲ್ಲಿ ಅಂಥ ಮರ್ಯಾದೆಯೇನೂ ಇಲ್ಲ. ನನ್ನ ತಪ್ಪನ್ನು ನೀನು ನುಂಗು ಎನ್ನುವ ಮಾತು ಅದು. ನುಂಗುವವನಿಗೆ ಕಷ್ಟವಿದೆ ಎಂದು ಕೇಳುವವನು ಒಪ್ಪಿಕೊಂಡೇ ಕೇಳುತ್ತಾನೆ. ನುಂಗಿದ ಮೇಲೆ ಅದು ಅರಗಬೇಕು. ಅರಗದಿದ್ದರೆ ಏನಾಗುತ್ತದೆ ಎಂಬುದಕ್ಕೂ ನಮ್ಮ ಭಾಷೆಯಲ್ಲಿ ಪದವಿದೆ: ಹೊಟ್ಟೆಕಿಚ್ಚು.

ನನಗೆ ಅರಗದೆ ಉಳಿದದ್ದನ್ನು ಹೇಳುತ್ತೇನೆ. ಡಾಕ್ಟರೇಟಿಗಾಗಿ ಈ ದೇಶಕ್ಕೆ ಬಂದಾಗ ಪ್ರಯೋಗಶಾಲೆಯಲ್ಲಿ ನನ್ನ ಮೇಜಿನ ಎದುರಿಗೆ ಒಬ್ಬ ಗೆಳೆಯನಿದ್ದ. ನಮ್ಮ ಮನೆಯಲ್ಲಿ ಎಷ್ಟೋ ಸಲ ಜೋಳದ ರೊಟ್ಟಿ ಉಂಡವನು. ನಾನಾಗ ಒಂದು ಪಲ್ಲೇಡಿಯಂ ವೇಗವರ್ಧಕದ ಮೇಲೆ ಕೆಲಸ ಮಾಡುತ್ತಿದ್ದೆ. ಹದಿನಾಲ್ಕು ತಿಂಗಳು ಏನು ಮಾಡಿದರೂ ನೂರಕ್ಕೆ ನಲವತ್ತರ ಮೇಲೆ ಇಳುವರಿ ಏರಲಿಲ್ಲ. ಕೊನೆಗೆ ದ್ರಾವಕದಲ್ಲಿದ್ದ ಚೂರು ತೇವವೇ ಕೇಡಿಗೆ ಕಾರಣವೆಂದು ಗೊತ್ತಾಗಿ, ಅದನ್ನು ಚೆನ್ನಾಗಿ ಒಣಗಿಸಿ ಮಾಡಿದಾಗ ಎಂಬತ್ತು ದಾಟಿತು. ಆ ರಾತ್ರಿ ನನ್ನ ನೋಟ್‌ಬುಕ್ಕನ್ನು ಅವನ ಮುಂದೆ ಹರಡಿ ತೋರಿಸಿದ್ದೆ. ಮುಂದೆ ನಾನು ಊರಿಗೆ ಹೋಗಿ ಆರು ವಾರ ಕಳೆದು ಬಂದೆ. ಅಷ್ಟರಲ್ಲಿ ಅವನ ಹೆಸರಿನಲ್ಲಿ ಪ್ರಬಂಧ ಸಿದ್ಧವಾಗಿ ಹೋಗಿತ್ತು. ಕೊನೆಯ ಸಾಲಿನಲ್ಲಿ 'ಉಪಯುಕ್ತ ಚರ್ಚೆಗಾಗಿ' ನನಗೆ ವಂದನೆ ಸಲ್ಲಿಸಿದ್ದ. ಬೈದಿದ್ದರೆ ಇಷ್ಟು ಉರಿಯುತ್ತಿರಲಿಲ್ಲವೇನೋ. ಆ ವಂದನೆ ಉರಿಸಿತು.

ನಾನು ಜಗಳವಾಡಲಿಲ್ಲ. ಒಳ್ಳೆಯ ಕ್ರೈಸ್ತನಂತೆ ಸುಮ್ಮನಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಆರು ವರ್ಷ ಹಾಗೇ ಕಳೆಯಿತು. ಒಂದು ರಾತ್ರಿ ಮನೆಯ ಪ್ರಾರ್ಥನೆ ಮುಗಿದ ಮೇಲೆ ಹೆಂಡತಿ ಹೇಳಿದಳು: "ಆ ಕ್ಷಮಿಸೋ ಮಾತು ಬಂದಾಗ ನಿಮ್ಮ ದನಿ ಕೇಳಿಸೋದೇ ಇಲ್ಲ. ಮುಂದಿನ ಮಾತಿಗೆ ಮತ್ತೆ ಬರುತ್ತೆ." ಅವಳು ಹೇಳುವವರೆಗೆ ನನಗೇ ಗೊತ್ತಿರಲಿಲ್ಲ.

ಮತ್ತಾಯನ ಸುವಾರ್ತೆಯ ಹದಿನೆಂಟನೆಯ ಅಧ್ಯಾಯದಲ್ಲಿ ಒಂದು ದೃಷ್ಟಾಂತವಿದೆ. ನನ್ನ ಸಹೋದರ ತಪ್ಪು ಮಾಡಿದರೆ ಎಷ್ಟು ಸಲ ಕ್ಷಮಿಸಬೇಕು, ಏಳು ಸಲ ಸಾಕೇ ಎಂದು ಪೇತ್ರನು ಲೆಕ್ಕ ಕೇಳುತ್ತಾನೆ. ಅದಕ್ಕೆ ಯೇಸು ಹೇಳುವ ಕಥೆಯೂ ಲೆಕ್ಕದ್ದೇ. ಅರಸನೊಬ್ಬ ತನ್ನ ಸೇವಕನ ಹತ್ತು ಸಾವಿರ ತಲಾಂತುಗಳ ಸಾಲವನ್ನು ಬಿಟ್ಟುಬಿಡುತ್ತಾನೆ. ಆ ಸೇವಕ ಹೊರಗೆ ಬಂದವನೇ ತನಗೆ ನೂರು ದಿನಾರಿ ಕೊಡಬೇಕಾಗಿದ್ದ ಜೊತೆಯವನ ಕತ್ತು ಹಿಡಿಯುತ್ತಾನೆ. ದಿನಾರಿ ಎಂದರೆ ಒಬ್ಬ ಕೂಲಿಯಾಳಿನ ಒಂದು ದಿನದ ಸಂಬಳ. ತಲಾಂತೆಂದರೆ ಸುಮಾರು ಆರು ಸಾವಿರ ದಿನಾರಿ. ಅಭ್ಯಾಸಬಲದಿಂದ ನಾನು ಗುಣಿಸಿ ನೋಡಿದೆ. ಸೇವಕನ ಸಾಲ ಆರು ಕೋಟಿ ದಿನಗಳ ಕೂಲಿ, ಅಂದರೆ ಒಂದು ಲಕ್ಷ ಅರವತ್ತು ಸಾವಿರ ವರ್ಷಗಳಿಗೂ ಮಿಕ್ಕ ದುಡಿಮೆ! ಇದನ್ನು ಎಲ್ಲ ಉಪದೇಶಕರೂ ಹೇಳುತ್ತಾರೆ. ಅವರು ಸಾಮಾನ್ಯವಾಗಿ ಹೇಳದೆ ಬಿಡುವುದು ಇನ್ನೊಂದು ಸಂಖ್ಯೆಯನ್ನು. ನೂರು ದಿನಾರಿಯೂ ಚಿಲ್ಲರೆ ಹಣವಲ್ಲ, ಮೂರು ತಿಂಗಳ ಮೇಲಿನ ಸಂಬಳ. ಯಾರಾದರೂ ನನ್ನ ಮೂರು ತಿಂಗಳ ಸಂಬಳ ಹಿಡಿದಿಟ್ಟುಕೊಂಡರೆ ನಾನೂ ಕತ್ತಿಗೆ ಕೈ ಹಾಕಬಹುದು. ನಿನಗಾದ ನಷ್ಟ ನಷ್ಟವೇ ಅಲ್ಲ ಎಂದು ಯೇಸು ಎಲ್ಲಿಯೂ ಹೇಳುವುದಿಲ್ಲ. ಇದರಿಂದ ನನಗೆ ಎಷ್ಟೋ ಸಮಾಧಾನವಾಯಿತು. 'ಹೋಗಲಿ ಬಿಡು, ಅದೇನು ದೊಡ್ಡದು' ಎನ್ನುವುದು ಕ್ಷಮೆಯಲ್ಲ. ದೊಡ್ಡದಲ್ಲದ ಮೇಲೆ ಕ್ಷಮಿಸಲು ಏನಿದೆ?

ಹೀಗಿರುವಾಗ ನಮ್ಮ ಸಂಸ್ಥೆಯಲ್ಲಿ ಒಂದು ಜಾಗ ಖಾಲಿಯಾಯಿತು. ಅರ್ಜಿ ಹಾಕಿದವರಲ್ಲಿ ಆ ಗೆಳೆಯನೂ ಇದ್ದ. ನಮ್ಮ ಮುಖ್ಯಸ್ಥರು ನನ್ನನ್ನು ಕರೆದು, "ನೀವಿಬ್ಬರೂ ಒಂದೇ ಕಡೆ ಇದ್ದವರಲ್ಲವೇ? ಸೋಮವಾರದೊಳಗೆ ನಿಮ್ಮ ಅಭಿಪ್ರಾಯ ಬರೆದುಕೊಡಿ" ಎಂದರು. ಆರು ವರ್ಷ ಕಾದಿದ್ದ ಅವಕಾಶ ತಾನಾಗಿ ಮೇಜಿನ ಮೇಲೆ ಬಂದು ಕೂತಿತ್ತು. ನಿಜ ಹೇಳಿದರೆ ಸಾಕು, ಸುಳ್ಳು ಕೂಡ ಬೇಕಿರಲಿಲ್ಲ.

ಆ ಶುಕ್ರವಾರ ರಜೆ ಹಾಕಿ ಕಾವೆಂಟ್ರಿಗೆ ಹೋದೆ. ನಮ್ಮೂರಿನಿಂದ ರೈಲಿನಲ್ಲಿ ದೂರವೇನಲ್ಲ. ನಮ್ಮಲ್ಲಿ ಅನೇಕರು ಆ ಊರನ್ನು ಮೋಟಾರು ಕಾರ್ಖಾನೆಗಳಿಂದ ಬಲ್ಲರು. ಅಲ್ಲಿನ ದೇವಾಲಯದ ಕಥೆ ಸ್ವಲ್ಪ ವಿವರವಾಗಿ ಹೇಳಬೇಕು.

1940ರ ನವೆಂಬರ್ 14ರ ರಾತ್ರಿ ಜರ್ಮನಿಯ ವಿಮಾನಗಳು ಕಾವೆಂಟ್ರಿಯ ಮೇಲೆ ಗಂಟೆಗಟ್ಟಲೆ ಬಾಂಬು ಸುರಿದವು. ಐನೂರಕ್ಕೂ ಹೆಚ್ಚು ಜನ ಸತ್ತರು. ಸಂತ ಮೈಕೇಲನ ಹೆಸರಿನ ಹಳೆಯ ದೇವಾಲಯದ ಮೇಲೆ ಬೆಂಕಿಬಾಂಬುಗಳು ಬೀಳುತ್ತಿದ್ದಾಗ ಅದರ ಮುಖ್ಯ ಧರ್ಮಗುರು ರಿಚರ್ಡ್ ಹೋವರ್ಡ್ ತಾವೇ ಇನ್ನೂ ಮೂವರೊಡನೆ ಛಾವಣಿ ಹತ್ತಿ, ಮರಳು ಹಾಕಿ ಬೆಂಕಿ ಆರಿಸಲು ಹೆಣಗಿದರು. ಆಗಲಿಲ್ಲ. ಬೆಳಗಾದಾಗ ಗೋಪುರ ಮತ್ತು ಹೊರಗೋಡೆಗಳು ಮಾತ್ರ ನಿಂತಿದ್ದವು. ಕಲ್ಲುಕುಟಿಗ ಜಾಕ್ ಫೋರ್ಬ್ಸ್ ಸುಟ್ಟು ಕರಿಯಾದ ಎರಡು ತೊಲೆಗಳನ್ನು ಶಿಲುಬೆಯಾಗಿ ಕಟ್ಟಿ ನಿಲ್ಲಿಸಿದ. ಛಾವಣಿಯಿಂದ ಬಿದ್ದ ಹಳೆಯ ಮೊಳೆಗಳಲ್ಲಿ ಮೂರನ್ನು ಜೋಡಿಸಿ ಇನ್ನೊಂದು ಶಿಲುಬೆಯಾಯಿತು. ಆ ವರ್ಷದ ಕ್ರಿಸ್‌ಮಸ್ ದಿನ ಹೋವರ್ಡ್ ಆ ಪಾಳಿನಿಂದಲೇ ಬಿಬಿಸಿ ಮೂಲಕ ಮಾತನಾಡಿ, ಕಷ್ಟವಾದರೂ ಸೇಡಿನ ಯೋಚನೆಯನ್ನು ಮನಸ್ಸಿನಿಂದ ಓಡಿಸಲು ಪ್ರಯತ್ನಿಸುತ್ತಿದ್ದೇವೆ ಎಂಬರ್ಥದ ಮಾತು ಹೇಳಿದರು. ಮನೆ ಸುಟ್ಟು ಆರು ವಾರವಾಗಿತ್ತು, ಅಷ್ಟೇ. ಯುದ್ಧ ನಡೆದೇ ಇತ್ತು. ಕೇಳಿದವರಲ್ಲಿ ಎಲ್ಲರಿಗೂ ಅದು ಹಿಡಿಸಿರಲಾರದು.

1948ರಲ್ಲಿ ಆ ಪಾಳು ಗೋಡೆಯ ಮೇಲೆ, ಬಲಿಪೀಠದ ಹಿಂದೆ, ಎರಡೇ ಪದ ಕೆತ್ತಿಸಿದರು: ತಂದೆಯೇ, ಕ್ಷಮಿಸು. ಶಿಲುಬೆಯ ಮೇಲೆ ಯೇಸು, ತನ್ನನ್ನು ಕೊಲ್ಲುತ್ತಿದ್ದವರನ್ನು ಕ್ಷಮಿಸೆಂದು ಪ್ರಾರ್ಥಿಸಿದ್ದನ್ನು ಲೂಕನು ಬರೆದಿದ್ದಾನೆ. ಹೋವರ್ಡ್ ಆ 'ಅವರನ್ನು' ಎಂಬುದನ್ನು ಬಿಟ್ಟರು. ಇಂಗ್ಲಿಷಿನಲ್ಲಿ ಓದಿದವರಿಗೆ ಪದ ಬಿಟ್ಟುಹೋದದ್ದು ತಟ್ಟನೆ ಗೊತ್ತಾಗುತ್ತದೆ. ಕನ್ನಡದಲ್ಲಿ ನಾವು ಬರೀ 'ಕ್ಷಮಿಸು' ಎಂದೇ ಹೇಳುವವರಾದ್ದರಿಂದ, ನಾನು ಮೊದಲ ಸಲ ನೋಡಿದಾಗ ನನಗೆ ಏನೂ ಕೊರತೆ ಕಾಣಲಿಲ್ಲ. ಈ ಸಲ ಅದರ ಮುಂದೆ ನಿಂತಾಗ ಮಾತ್ರ, ಯಾರನ್ನು ಎಂದು ಹೇಳದೆ ಬಿಟ್ಟ ಪ್ರಾರ್ಥನೆಯಲ್ಲಿ ನಿಂತು ಓದುವವನೂ ಸೇರಿಬಿಡುತ್ತಾನೆ ಎಂದು ಹೊಳೆಯಿತು.

ಶುಕ್ರವಾರ ಮಧ್ಯಾಹ್ನ ಹನ್ನೆರಡಕ್ಕೆ ಆ ಬಯಲಿನಲ್ಲಿ ಒಂದು ಪ್ರಾರ್ಥನೆ ನಡೆಯುತ್ತದೆ. 1958ರಲ್ಲಿ ರಚಿತವಾದದ್ದು. ದ್ವೇಷ, ಪರರ ವಸ್ತುವಿನ ಆಸೆ, ಪರರ ದುಡಿಮೆಯನ್ನು ಸುಲಿಯುವ ಲೋಭ, ಪರರ ಏಳಿಗೆ ಕಂಡು ಪಡುವ ಅಸೂಯೆ, ಇನ್ನೊಬ್ಬರ ಕಷ್ಟಕ್ಕೆ ಕುರುಡಾಗಿರುವುದು, ಕಾಮ, ಅಹಂಕಾರ ಎಂದು ಏಳನ್ನು ಹೇಳಿ, ಒಂದೊಂದಕ್ಕೂ ಎಲ್ಲರೂ ಅದೇ ಎರಡು ಪದಗಳಿಂದ ಉತ್ತರ ಕೊಡುತ್ತಾರೆ. ನಮ್ಮ ಅರಿಷಡ್ವರ್ಗಕ್ಕೆ ಇದು ನೆಂಟ ಎಂದು ಓದುಗರಿಗೆ ಅನ್ನಿಸದೆ ಇರದು. ಪರರ ದುಡಿಮೆಯ ಮಾತು ಬಂದಾಗ ನನ್ನ ಗೆಳೆಯನ ಮುಖ ಕಣ್ಣ ಮುಂದೆ ಬಂತು. ಸರಿಯಾಗಿ ಬಿತ್ತು ಪೆಟ್ಟು ಎಂದುಕೊಂಡೆ. ಅಸೂಯೆಯ ಹೊತ್ತಿಗೆ ಸ್ವಲ್ಪ ಮುಜುಗರವಾಯಿತು. ಇನ್ನೊಬ್ಬರ ಕಷ್ಟಕ್ಕೆ ಕುರುಡಾಗಿರುವ ಮಾತಿಗೆ ಬರುವಾಗ, ಯಾವ ಸಂಬಂಧವೂ ಇಲ್ಲದೆ, ನಮ್ಮ ಕಾಲೇಜಿನ ಅಟೆಂಡರ್ ನೆನಪಾದ.

ಎಂ.ಎಸ್ಸಿ. ಓದುವಾಗ ಒಂದು ಸಂಜೆ ನಾನು ಕಂಡೆನ್ಸರಿನ ನೀರಿನ ನಲ್ಲಿ ನಿಲ್ಲಿಸದೆ ಸಿನೆಮಾಕ್ಕೆ ಹೋಗಿದ್ದೆ. ರಾತ್ರಿ ರಬ್ಬರಿನ ಕೊಳವೆ ಕಳಚಿ, ನೀರು ಹರಿದು, ಕೆಳಗಿನ ಕೋಣೆಯ ತಕ್ಕಡಿಗಳೆಲ್ಲ ಕೆಟ್ಟವು. ಬೀಗ ಹಾಕುವ ಮೊದಲು ನೋಡಬೇಕಾಗಿದ್ದದ್ದು ಅಟೆಂಡರನ ಕೆಲಸವೆಂದು ಅವನ ಸಂಬಳದಲ್ಲಿ ಹಿಡಿದರು. ನಾನು ಬಾಯಿ ಬಿಡಲಿಲ್ಲ. ಅವನಿಗೆ ಗೊತ್ತಿತ್ತು ಎಂದೇ ನನ್ನ ಅನುಮಾನ. ನಾನು ಪರದೇಶಕ್ಕೆ ಹೊರಟಾಗ ಅವನು ಗೇಟಿನ ತನಕ ಬಂದು, "ಛಲೋತ್ನಂಗ ಹೋಗಿ ಬರ್ರಿ ಸರ" ಎಂದಿದ್ದ. ಹೊಟ್ಟೆಗೆ ಹಾಕಿಕೊಂಡಿದ್ದ ಎಂದು ಕಾಣುತ್ತದೆ. ನಾನು ಕೇಳಿಕೊಂಡೇ ಇರಲಿಲ್ಲ.

ಪ್ರಾರ್ಥನೆ ಮುಗಿದ ಮೇಲೂ ಬಹಳ ಹೊತ್ತು ಅಲ್ಲೇ ಬೆಂಚಿನ ಮೇಲೆ ಕುಳಿತಿದ್ದೆ. ಇನ್ನೊಂದು ಪ್ರಶ್ನೆ ಕಾಡುತ್ತಿತ್ತು: ಕ್ಷಮಿಸುವುದೆಂದರೆ ಆದದ್ದನ್ನು ಬಚ್ಚಿಡಬೇಕೇ? ನನ್ನ ಉತ್ತರ ಕಣ್ಣೆದುರಿಗೇ ಇತ್ತು. ಬೇಸಿಲ್ ಸ್ಪೆನ್ಸ್ ಎಂಬ ವಾಸ್ತುಶಿಲ್ಪಿ ಹೊಸ ದೇವಾಲಯವನ್ನು ಹಳೆಯದರ ಜಾಗದಲ್ಲಿ ಕಟ್ಟದೆ, ಪಾಳನ್ನು ಹಾಗೇ ಉಳಿಸಿ ಅದಕ್ಕೆ ಒತ್ತಿ ಕಟ್ಟಿದ. 1962ರ ಮೇ 25ರಂದು ಅದರ ಪ್ರತಿಷ್ಠೆಯಾಯಿತು. ಅದಕ್ಕೂ ಮುಂಚೆ 1961ರಲ್ಲಿ ಜರ್ಮನಿಯ ತರುಣರು ಬಂದು ಆ ಪಾಳಿನಲ್ಲಿ ಗಾರೆ ಕೆಲಸ ಮಾಡಿದ್ದರು. 1965ರಲ್ಲಿ ಇಲ್ಲಿನ ತರುಣರು ಡ್ರೆಸ್ಡೆನ್ನಿಗೆ ಹೋಗಿ ಅಲ್ಲಿ ಮುರಿದುಬಿದ್ದಿದ್ದ ಆಸ್ಪತ್ರೆ ಕಟ್ಟಲು ಕೈಹಚ್ಚಿದರು. 1945ರ ಫೆಬ್ರವರಿಯಲ್ಲಿ ಬ್ರಿಟನ್ ಮತ್ತು ಅಮೆರಿಕದ ವಿಮಾನಗಳು ಸುಟ್ಟ ಊರು ಅದು. ಸತ್ತವರು ಇಪ್ಪತ್ತೈದು ಸಾವಿರದವರೆಗೆ. ಅಲ್ಲಿನ ದೊಡ್ಡ ಚರ್ಚನ್ನು ಮತ್ತೆ ಕಟ್ಟಿ 2005ರಲ್ಲಿ ತೆರೆದಾಗ, ಅದರ ಶಿಖರದ ಶಿಲುಬೆಯನ್ನು ಮಾಡಿಕೊಟ್ಟವನು ಅಲನ್ ಸ್ಮಿತ್ ಎಂಬ ಲಂಡನ್ನಿನ ಅಕ್ಕಸಾಲಿಗ. ಅವನ ತಂದೆ ಆ ಬಾಂಬುದಾಳಿಯಲ್ಲಿ ವಿಮಾನ ಹಾರಿಸಿದ್ದವನು. ಇವರು ಯಾರೂ ಏನೂ ಆಗಲೇ ಇಲ್ಲ ಎಂದು ನಟಿಸಲಿಲ್ಲ. ಮಳೆ ಬಿದ್ದರೆ ಹಳೆಯ ದೇವಾಲಯದಲ್ಲಿ ಇವತ್ತಿಗೂ ನೆನೆಯಲೇಬೇಕು.

ಅಲ್ಲಿ ನಾನು ದೇವರ ಹತ್ತಿರ ಮಾಡಿದ ಪ್ರಾರ್ಥನೆ ಭಕ್ತಿಯದಾಗಿರಲಿಲ್ಲ. ಗೆಳೆಯನನ್ನು ಕನ್ನಡದಲ್ಲಿ, ಅದೂ ಧಾರವಾಡದ ಕನ್ನಡದಲ್ಲಿ, ಮನಸಾರೆ ಬೈದೆ. ಕೀರ್ತನೆಗಳಲ್ಲಿ 109ನೆಯದನ್ನು ಓದಿದವರಿಗೆ ಇದು ಹೊಸದೆನಿಸದು. ಶತ್ರುವಿಗೆ ಹಾಕುವ ಶಾಪವೂ ಬೈಬಲ್ಲಿನಲ್ಲಿ ಪ್ರಾರ್ಥನೆಯೇ. ಬೈದು ಮುಗಿದ ಮೇಲೆ, ಈ ಲೆಕ್ಕ ಇನ್ನು ನೀನೇ ನೋಡಿಕೋ, ನನ್ನ ಕೈಲಿ ಆಗುವುದಿಲ್ಲ ಎಂದೆ. ಆಕಾಶದಿಂದ ದನಿಯೇನೂ ಬರಲಿಲ್ಲ. ಹಸಿವಾಗಿತ್ತು, ಎದ್ದು ಊಟಕ್ಕೆ ಹೋದೆ.

ಸೋಮವಾರ ಮುಖ್ಯಸ್ಥರಿಗೆ ಬರೆದುಕೊಟ್ಟೆ: ಇವನ ಕೈ ಕೆಲಸದಲ್ಲಿ ಪಳಗಿದ್ದು, ಬುದ್ಧಿ ಚುರುಕು, ಆದರೆ ನಮ್ಮಿಬ್ಬರ ನಡುವೆ ಒಂದು ಪ್ರಬಂಧದ ವಿಷಯದಲ್ಲಿ ಹಳೆಯ ವ್ಯಾಜ್ಯವಿದೆ, ಆದ್ದರಿಂದ ಆಯ್ಕೆಯಲ್ಲಿ ನನ್ನ ಮಾತು ತೂಗಬಾರದು. ಅದರ ಪ್ರತಿಯನ್ನು ಗೆಳೆಯನಿಗೂ ಕಳಿಸಿ, ಕೆಳಗೆ ಕೈಬರಹದಲ್ಲಿ ನಾಲ್ಕು ಸಾಲು ಸೇರಿಸಿದೆ. ಆ ದ್ರಾವಕ ಒಣಗಿಸಿದವನು ನಾನು ಎಂದು ಅವನಿಗೂ ಗೊತ್ತು, ನನಗೂ ಗೊತ್ತು. ಇನ್ನು ನಾನು ಅದನ್ನು ಕೇಳುವುದಿಲ್ಲ. ಈ ಕಡೆ ಬಂದರೆ ಊಟಕ್ಕೆ ಬರಬೇಕು.

ಆ ಕೆಲಸ ಬೇರೆಯವರಿಗೆ ಹೋಯಿತು. ಅವನಿಂದ ಉತ್ತರ ಬಂದಿಲ್ಲ. ಕೆಲವು ರಾತ್ರಿ ಹಳೆಯ ಉರಿ ಮತ್ತೆ ಏಳುತ್ತದೆ. ಪೇತ್ರನಿಗೆ ಹೇಳಿದ ಎಪ್ಪತ್ತರ ಲೆಕ್ಕ ಒಂದೇ ತಪ್ಪನ್ನು ಎಷ್ಟು ಸಲ ಕ್ಷಮಿಸಬೇಕೆಂಬುದಕ್ಕೂ ಅನ್ವಯಿಸುತ್ತದೋ ಏನೋ ಎಂದು ಆಗ ಅನಿಸುತ್ತದೆ. ದನಿ ಮಾತ್ರ ಈಗ ಆ ಮಾತಿನಲ್ಲಿ ನಿಲ್ಲುವುದಿಲ್ಲವೆಂದು ಹೆಂಡತಿಯ ವರದಿ.

ಅಟೆಂಡರನ ವಿಳಾಸಕ್ಕಾಗಿ ಊರಿನ ತಮ್ಮನಿಗೆ ಬರೆದಿದ್ದೆ. ನಿವೃತ್ತನಾಗಿ ಹಳ್ಳಿಗೆ ಹೋಗಿದ್ದಾನಂತೆ, ಇನ್ನೂ ಗಟ್ಟಿಯಾಗಿದ್ದಾನಂತೆ. ಡಿಸೆಂಬರಿನಲ್ಲಿ ಊರಿಗೆ ಹೋಗುವುದಿದೆ. ಅವನಿಗೆ ಏನು ಹೇಳಬೇಕೆಂದು ಯೋಚಿಸುವ ಕಷ್ಟವಿಲ್ಲ. ಅಜ್ಜಿಯ ಮಾತು ಸಿದ್ಧವಾಗಿದೆ. ಅವನ ಸಂಬಳದಲ್ಲಿ ಎಷ್ಟು ಹಿಡಿದಿದ್ದರು ಎಂಬುದನ್ನು ಮಾತ್ರ ಅವನನ್ನೇ ಕೇಳಬೇಕು.