ಕಂಬಂ ಕಣಿವೆಯ ಪಟ್ಟದ ಹೋರಿ

(ದೃಶ್ಯ: ರೋಮಿನ ಶಿಲ್ಪ, ಹಾರುವ ಹಕ್ಕಿಗಳು)

ಮುಂದಾಗುವುದನ್ನು ನುಡಿಯುವ ಕ್ರಿಯೆಗೆ ಲ್ಯಾಟಿನ್ ಭಾಷೆಯಲ್ಲಿರುವ ಪದಗಳಲ್ಲೊಂದು ‘ಔಗುರಾರಿ’. ಹಕ್ಕಿಗಳ ಹಾರಾಟವೇ ಮೊದಲಾದ ಶಕುನಗಳನ್ನು ಪರೀಕ್ಷಿಸಿ ದೈವಚಿತ್ತವನ್ನು ಅರಿಯುವುದು ಅದರ ಮೂಲಾರ್ಥವಾದರೆ, ಊಹಿಸುವುದು, ಭವಿಷ್ಯ ನುಡಿಯುವುದು ಅದರಿಂದ ಬೆಳೆದ ಅರ್ಥ. ರೋಮಿನ ಸೇನಾನಿಗಳು ಯುದ್ಧಕ್ಕೆ ಮುನ್ನ ಪವಿತ್ರವಾದ ಕೋಳಿಗಳಿಗೆ ತಿನಿಸಿಟ್ಟು, ಅವು ಆತುರದಿಂದ ತಿಂದರೆ ಶುಭವೆಂದೂ, ಮುಟ್ಟದಿದ್ದರೆ ಅಶುಭವೆಂದೂ ಎಣಿಸುತ್ತಿದ್ದರು. ಶಕುನ ನೋಡಿ ಪದವಿಯಲ್ಲಿ ಪ್ರತಿಷ್ಠಾಪಿಸುವುದು ‘ಇನೌಗುರಾರೆ’.

(ದೃಶ್ಯ: ಕಂಬಂ ಕಣಿವೆ, ದನಗಳ ಹಿಂಡು)

ಇದೇ ಭಾವದ ಆಚಾರವೊಂದು ಕನ್ನಡಿಗರಲ್ಲಿಯೂ ಉಂಟು. ಇಂದಿನ ತಮಿಳುನಾಡಿನ ತೇನಿ ಜಿಲ್ಲೆಯ ಕಂಬಮ್ಮಿನಲ್ಲಿ, ಮನೆಮಾತು ಕನ್ನಡವಾದ ಕಪ್ಪಿಲಿಯರೆಂಬ ಒಕ್ಕಲುಜನರು, ತಮ್ಮ ಪೂರ್ವಿಕರು ವಲಸೆ ಬರುವಾಗ ತಂದ ಗೋವುಗಳ ಸಂತತಿಯೆಂದು ನಂಬಿ ಒಂದು ಹಿಂಡನ್ನು ಪೋಷಿಸುತ್ತ ಬಂದರು. ಅವರ ಕನ್ನಡದಲ್ಲಿ ಅದು ‘ದೇವರು ಆವು’, ತಮಿಳಿನಲ್ಲಿ ‘ತಂಬಿರಾನ್ ಮಾಡು’. ಡಬ್ಲ್ಯು. ಫ್ರಾನ್ಸಿಸ್ ಅವರ 1906ರ ಮಧುರೆ ಗೆಜೆಟಿಯರ್ ತಿಳಿಸುವಂತೆ, ಸುಮಾರು 150 ರಾಸುಗಳ ಆ ಹಿಂಡಿನ ನಾಯಕನಾದ ಪಟ್ಟದ ಹೋರಿ ಮಡಿದರೆ ಅದನ್ನು ವಿಧಿಪೂರ್ವಕವಾಗಿ ಹೂಳುವರು. ಬಳಿಕ ತಮಿಳರ ತೈ ಮಾಸದ ಶುಭದಿನದಲ್ಲಿ ಹಿಂಡನ್ನೆಲ್ಲ ಕೂಡಿಸಿ, ಕರ್ಪೂರ ಬೆಳಗಿ, ಹಣ್ಣುಕಾಯಿ ಅರ್ಪಿಸಿ, ಕಬ್ಬಿನ ಹೊರೆಯನ್ನು ಮುಂದಿಟ್ಟು, ಯಾವ ಹೋರಿ ಮೊದಲು ಅದನ್ನು ಸಮೀಪಿಸುವುದೋ ಅದಕ್ಕೇ ಮಾಲೆ ಹಾಕಿ ಪಟ್ಟಗಟ್ಟುವರು.

ಅಧಿಕಾರವು ಮನುಷ್ಯರ ಮೆಚ್ಚಿಕೆಯೊಂದರಿಂದಲೇ ದೊರೆಯತಕ್ಕದ್ದಲ್ಲ, ದೈವದ ಒಪ್ಪಿಗೆಯೂ ಅದಕ್ಕೆ ಬೇಕೆಂಬ ಭಾವನೆಯನ್ನು, ಕನ್ನಡನಾಡಿನಿಂದ ದೂರವಿದ್ದೂ ತಾಯ್ನುಡಿಯನ್ನು ಬಿಡದ ಈ ಒಕ್ಕಲುಜನರು ಆಚರಣೆಯಲ್ಲಿ ಕಾಪಾಡಿಕೊಂಡರು. ಅವರ ನುಡಿಯನ್ನೂ ನಡೆಯನ್ನೂ ಶ್ರದ್ಧೆಯಿಂದ ಅರಿಯುವುದು ಕನ್ನಡಿಗರೆಲ್ಲರ ಕರ್ತವ್ಯ.